ಕೊನೆಯ ಸ್ಟಿಕ್

ಬೂಟು ಕಚ್ಚುತ್ತಿದ್ದದ್ದು ಎಡಗಾಲಿಗೆ ಮಾತ್ರ. ಹತ್ತುವಾಗ ಹಿಮ್ಮಡಿಗೆ, ಇಳಿಯುವಾಗ ಕಿರುಬೆರಳಿಗೆ. ಹಾಕಿ ಕ್ಲಬ್ಬಿನ ಉಳಿದವರೆಲ್ಲ ಕೂರುತ್ತಿದ್ದದ್ದು ಗ್ಯಾಲರಿಯ ಕೆಳಗಿನ ಕೋಣೆಗಳಲ್ಲಿ. ಇವನಿಗೆ ಕೊಟ್ಟದ್ದು ಗ್ಯಾಲರಿಯ ನೆತ್ತಿಯ ಮೇಲೆ, ಹಿಂದೊಮ್ಮೆ ವೀಕ್ಷಕ ವಿವರಣೆ ಹೇಳುವವರು ಕೂರುತ್ತಿದ್ದ ಗಾಜಿನ ಗೂಡು. ನಲವತ್ತೆರಡು ಮೆಟ್ಟಿಲು. ಎಣಿಸಬೇಕೆಂದು ಎಣಿಸಿದ್ದಲ್ಲ, ಕಂಡದ್ದನ್ನೆಲ್ಲ ಎಣಿಸುವುದು ಚಿಕ್ಕಂದಿನ ಚಾಳಿ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಇವನದು ಹೋಗುವ ಬದಲು ಸಂಬಳ ತರುವ ಕೆಲಸವೇ ಆಗಿಬಿಟ್ಟಿತ್ತು. ಆಟಗಾರ್ತಿಯರು ಎದುರಿಗೆ ‘ಸರ್’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ಅಂಕಿ’ ಎನ್ನುತ್ತಿದ್ದರು. ಅದು ಅವನಿಗೆ ಗೊತ್ತಿತ್ತು. ಮೊದಮೊದಲು ಬೇಸರವಾಗಿತ್ತು, ಆಮೇಲೆ ಒಳಗೊಳಗೇ ಹಿಗ್ಗಾಗತೊಡಗಿತ್ತು, ಈಗ ಎರಡೂ ಇಲ್ಲ. ಇವತ್ತು ಬೆಳಿಗ್ಗೆ ಗೇಟಿನ ಹತ್ತಿರವೇ ಮ್ಯಾನೇಜರ್ ಸಿಕ್ಕಿ, ನಿಲ್ಲದೆ, ನಡೆಯುತ್ತಲೇ, “ನಾಲ್ಕು ಗಂಟೆಗೆ ಆ ಇಪ್ಪತ್ತೆರಡರ ಫೈಲು ಮುಗಿಸಿಬಿಡೋಣ ಕಣ್ರೀ. ಅದಾದ್ಮೇಲೆ ನಿಮ್ದು” ಎಂದಿದ್ದರು. ಪಕ್ಕದ ಗೂಡಿನಲ್ಲಿ ವಾಚ್‌ಮನ್ ಕ್ಲಬ್ಬಿನ ಫೋನೆತ್ತಿ, “ಗ್ರೌಂಡು. ಯಾರು ಬೇಕು?” ಎಂದು ಯಾರಿಗೋ ಗದರುತ್ತಿದ್ದ. ‘ಅದಾದ್ಮೇಲೆ ನಿಮ್ದು’ ಎನ್ನುವ ಮಾತು ಮೆಟ್ಟಿಲು ಮೆಟ್ಟಿಲಿಗೂ ಬೂಟಿನ ಜೊತೆ ಕಚ್ಚುತ್ತ ಮೇಲಕ್ಕೆ ಬಂತು. ಇಪ್ಪತ್ತೆರಡು ಎಂದರೆ ಇಪ್ಪತ್ತೆರಡನೇ ನಂಬರಿನ ಅಂಗಿಯ, ಎಡಬದಿ ಕಾಯುವ ಲೆಫ್ಟ್ ಹಾಫ್ ಹುಡುಗಿ, ಹತ್ತೊಂಬತ್ತು ವರ್ಷ, ಒಂದು ವರ್ಷದ ಪರೀಕ್ಷಾ ಕರಾರು ಈ ತಿಂಗಳಿಗೆ ಮುಗಿಯುತ್ತಿತ್ತು. ಇವನ ಮೂರು ವರ್ಷದ ಕರಾರು ಮುಗಿಯುತ್ತಿದ್ದದ್ದೂ ಇದೇ ತಿಂಗಳು. ಮೂವತ್ತನೇ ಮೆಟ್ಟಿಲಿಗೆ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅಕ್ಕ. ಅವನು ಅದನ್ನು ಕೈಯಲ್ಲಿ ಹಿಡಿದು, ಹನ್ನೊಂದು ಸಲ ಬಡಿದು ಸುಮ್ಮನಾಗುವವರೆಗೂ ನೋಡಿದ. ಸ್ವಲ್ಪ ಹೊತ್ತಿಗೆ ಮೆಸೇಜು ಬಂತು: ಅಮ್ಮನ ಮಂಚ ಕೆಳಗೆ ಇಳಿಸಬೇಕು. ತಗೊಳ್ಳೋರು ಒಬ್ಬರಿದ್ದಾರೆ. ಇಳಿಸೋಕೆ ಇಬ್ಬರು ಬೇಕು. ಯಾವಾಗ ಬರ್ತೀಯ?

ಕೆಲಸ ಕೇಳುವವರಿಗೆ ಸುಲಭ. ಪಂದ್ಯದ ವಿಡಿಯೊ ಹಾಕಿಕೊಂಡು, ಶಬ್ದ ಆರಿಸಿ, ನಮ್ಮವರು ಚೆಂಡು ಮುಟ್ಟಿದಾಗಲೆಲ್ಲ ಕೀಬೋರ್ಡಿನ ಒಂದು ಕೀಲಿ ಒತ್ತುವುದು. ಕೊಟ್ಟ ಪಾಸು, ಸೇರಿದ ಪಾಸು, ಎದುರಾಳಿಯಿಂದ ಕಿತ್ತುಕೊಂಡದ್ದು, ಅವರ ಗೋಲಿನ ಮುಂದಿನ ಅರ್ಧವೃತ್ತದ, ಅಂದರೆ ಡಿಯ ಒಳಗೆ ಹೊಕ್ಕದ್ದು, ಎಲ್ಲಕ್ಕೂ ಒಂದೊಂದು ಕೀಲಿ. ಮೂಲೆಯ ಒಂದು ಕೀಲಿಗೆ ಮಾತ್ರ ಕೆಂಪು ಟೇಪಿನ ಚುಕ್ಕೆ ಅಂಟಿಸಿದ್ದ, ಅದು ತಪ್ಪಿನದು. ಎದುರಾಳಿ ಚೆಂಡಿನೊಡನೆ ನಮ್ಮ ಡಿಗೆ ನುಗ್ಗಿದರೆ ತಪ್ಪು ಹನ್ನೊಂದು ಜನರಲ್ಲಿ ಯಾರ ಹೆಸರಿಗೆ? ಅವನು ಬರುವ ಮೊದಲು ಇದಕ್ಕೆ ಜಗಳಗಳೇ ಆಗುತ್ತಿದ್ದವಂತೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ಅವನು ಒಂದು ನಿಯಮ ಮಾಡಿದ: ತಡೆಯಲು ಹೋಗಿ, ಕೊನೆಗೆ ಸ್ಟಿಕ್ ಹಾಕಿ ಸೋತವರು ಯಾರೋ ಅವರ ಹೆಸರಿಗೆ. ವಾದಕ್ಕೆ ಎಡೆಯಿಲ್ಲ, ವಿಡಿಯೊದಲ್ಲಿ ಕಣ್ಣಿಗೆ ಕಾಣುತ್ತದೆ. ಮ್ಯಾನೇಜರ್ ಮೇಜು ಕುಟ್ಟಿ ಮೆಚ್ಚಿ, ಅದಕ್ಕೆ ‘ಕೊನೆಯ ಸ್ಟಿಕ್’ ಎಂದು ಹೆಸರನ್ನೂ ಇಟ್ಟಿದ್ದರು. ಋತು ಮುಗಿದ ಮೇಲೆ ಎಲ್ಲ ಅಂಕಿಗಳೂ ಒಂದು ಕೋಷ್ಟಕಕ್ಕೆ ಹೋಗಿ, ಆಚೆ ಕಡೆಯಿಂದ ಪ್ರತಿಯೊಬ್ಬಳಿಗೂ ನೂರಕ್ಕೆ ಇಷ್ಟು ಎಂದು ಒಂದೇ ಅಂಕಿಯಾಗಿ ಬರುತ್ತಿತ್ತು. ಎಪ್ಪತ್ತರ ಮೇಲೆ ಮೊದಲ ದರ್ಜೆಯ ಕರಾರು, ಐವತ್ತೈದರ ಮೇಲೆ ಎರಡನೆಯದು, ನಲವತ್ತೈದರ ಮೇಲೆ ಮೂರನೆಯದು. ಅದಕ್ಕೂ ಕೆಳಗಾದರೆ ‘ಬೇಡ’ ಎಂದು ಬರೆಯುವುದು. ಇಪ್ಪತ್ತೆರಡಕ್ಕೆ ಬಂದದ್ದು ನಲವತ್ತೊಂದು. ಪಾಸುಗಳೆಲ್ಲ ಚೆನ್ನಾಗಿದ್ದವು, ಓಟ ಚೆನ್ನಾಗಿತ್ತು. ಆದರೆ ಹದಿನೆಂಟು ಪಂದ್ಯಕ್ಕೆ ಕೆಂಪು ಚುಕ್ಕೆ ಐವತ್ಮೂರು. ಅವಳ ಪಕ್ಕದಲ್ಲೇ, ನಡುವೆ ಆಡುವ ಕ್ಯಾಪ್ಟನ್ನಿಗೆ ಒಂಬತ್ತು. ನಿನ್ನೆ ಸಂಜೆಯೇ ಅವನು ಪೆನ್ಸಿಲಿನಲ್ಲಿ ‘ಬೇಡ’ ಎಂದು ಬರೆದು, ಮನೆಗೆ ಹೋಗಿ, ಉಂಡು ಮಲಗಿದ್ದ.

ಹನ್ನೊಂದು ಗಂಟೆಯ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ಇಪ್ಪತ್ತೆರಡೇ ನಿಂತಿದ್ದಳು. ಅಭ್ಯಾಸ ಮುಗಿಸಿ ನೇರವಾಗಿ ಬಂದಿದ್ದಳು. ನೀರು ಹಾಯಿಸಿದ ಟರ್ಫಿನಿಂದ ಒದ್ದೆಯಾದ ಬೂಟುಗಳನ್ನು ಕೈಯಲ್ಲಿ ಹಿಡಿದು, ಕಾಲುಚೀಲದಲ್ಲೇ. ಅವಳ ಜೊತೆ ಅವನು ಈ ಒಂದು ವರ್ಷದಲ್ಲಿ ಹತ್ತು ಮಾತೂ ಆಡಿರಲಿಲ್ಲ. ಆದರೆ ಅವಳ ಎಡ ಮೊಣಕಾಲು ಯಾವ ನಿಮಿಷಕ್ಕೆ ಸುಸ್ತಾಗುತ್ತದೆ ಎನ್ನುವುದು ಅವಳ ಹೆತ್ತವರಿಗಿಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನಿಗೆ ಅದು ಆಗ ನಾಚಿಕೆಯ ಸಂಗತಿ ಎನಿಸಿತು.

“ಸರ್, ಬಿಡುವಿದೆಯಾ? ನನ್ನ ತಪ್ಪುಗಳು ಎಷ್ಟಿವೆಯೋ ಅಷ್ಟನ್ನೂ ಒಂದ್ಸಲ ತೋರಿಸ್ತೀರಾ?”

“ತಪ್ಪುಗಳಾ?”

“ಹೂಂ ಸರ್. ನಾಳೆ ಅಪ್ಪ ಕೇಳ್ತಾರೆ, ಯಾಕೆ ಬಿಟ್ರು ನಿನ್ನ ಅಂತ. ನಂಗೇ ಗೊತ್ತಿಲ್ದೆ ಏನು ಹೇಳ್ಲಿ? ಚಿಕ್ಕಪ್ಪನ ಪ್ಯಾಕಿಂಗ್ ಕಾರ್ಖಾನೇಲಿ ಸೀಟು ಖಾಲಿ ಇಟ್ಕೊಂಡು ಕಾಯ್ತಿದ್ದಾರೆ. ಅಲ್ಲಿಗೆ ಹೋದ್ಮೇಲೂ ಯಾಕೆ ಅಂತ ತಲೇಲಿ ಕೊರೀತಾ ಇರಬಾರ್ದು ನೋಡಿ.”

ಬಿಟ್ಟರು ಎಂದು ಇನ್ನೂ ಯಾರೂ ಹೇಳಿಲ್ಲವಲ್ಲ ಎನ್ನಬೇಕೆಂದುಕೊಂಡ. ಮೇಜಿನ ಮೇಲೆ ಅವಳ ಫೈಲು ತೆರೆದೇ ಇತ್ತು, ಪೆನ್ಸಿಲಿನ ಎರಡಕ್ಷರ ಮೇಲಕ್ಕೇ ಇತ್ತು. ಅವಳು ಅದನ್ನು ಓದಿಯೂ ಓದದಂತೆ ಕಣ್ಣು ತೆಗೆದಳು. ಅವನು ಫೈಲು ಮುಚ್ಚಿದ. ಮುಚ್ಚಿದ್ದು ತೆರೆದಿಟ್ಟದ್ದಕ್ಕಿಂತ ಕೆಟ್ಟದಾಗಿ ಕಂಡಿತು. ಗೋಲುಗಳನ್ನು ತೋರಿಸಿ ಎಂದು ಬಂದವರು ಬೇಕಾದಷ್ಟು ಜನ. ಫೋನಿನಲ್ಲಿ ತುಂಬಿಕೊಂಡು ಹೋಗಿ ಮದುವೆ ಮನೆಯಲ್ಲಿ ತೋರಿಸುವವರು. ತಪ್ಪು ಕೇಳಿಕೊಂಡು ನಲವತ್ತೆರಡು ಮೆಟ್ಟಿಲು ಹತ್ತಿದವರು ಈವರೆಗೆ ಯಾರೂ ಇರಲಿಲ್ಲ. “ಕೂತ್ಕೊ” ಎಂದು ಕುರ್ಚಿ ಎಳೆದ.

ಒಂದೊಂದು ತುಣುಕೂ ಎಂಟು ಹತ್ತು ಸೆಕೆಂಡಿನದು. ಅವಳು ಮುಂದಕ್ಕೆ ಬಾಗಿ, ಮೊಣಕಾಲಿನ ಮೇಲೆ ಎರಡೂ ಕೈ ಇಟ್ಟುಕೊಂಡು ನೋಡುತ್ತಿದ್ದಳು. ಪ್ರತಿ ತುಣುಕು ಮುಗಿದಾಗಲೂ ಒಂದೇ ಮಾತು. “ಹೌದು, ನಂದೇ.” ಇನ್ನೊಂದು. “ನಂದೇ ಸರ್. ತಡವಾಯ್ತು.” ಇನ್ನೊಂದು. “ಇದೂ ನಂದೇ.” ಮೊದಲು ಅವನಿಗೆ ನೆಮ್ಮದಿಯೇ ಆಯಿತು, ಎದುರಾಡುವವರಿಗಿಂತ ಒಪ್ಪಿಕೊಳ್ಳುವವರು ವಾಸಿ. ಹತ್ತನೆಯದರ ಹೊತ್ತಿಗೆ ಆ ಮಾತು ಬೇರೆ ಎಲ್ಲಿಂದಲೋ ಬರುತ್ತಿದೆ ಎನಿಸತೊಡಗಿತು. ಹಸಿರು ಬಣ್ಣ ಬಳಿದ ಉದ್ದನೆಯ ಹಜಾರ, ಗೋಡೆಗೆ ಒರಗಿಸಿದ ಸ್ಟ್ರೆಚರು, ಕನ್ನಡಕವನ್ನು ಹಣೆಗೇರಿಸಿಕೊಂಡ ಡಾಕ್ಟರು ಕಾಗದ ನೋಡುತ್ತಲೇ, “ಇವರನ್ನ ಎತ್ತಿದ್ದು ಯಾರು?” ಎಂದು ಕೇಳಿದ್ದು. ಅಕ್ಕ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, ಕೈಯೇನೂ ಒದ್ದೆಯಿರಲಿಲ್ಲ, “ನಾನೇ” ಎಂದಿದ್ದಳು. “ಒಬ್ಬರೇನಾ?” “ಹೂಂ. ನಾನೇ.” ಅಮ್ಮನ ಸೊಂಟದ ಮೂಳೆ ಮುರಿದಿತ್ತು. ಇವನು ಆಗತಾನೇ ಓಡಿ ಬಂದವನ ಹಾಗೆ ಏದುಸಿರು ಬಿಡುತ್ತ ಹಿಂದೆ ನಿಂತಿದ್ದ. ಅಮ್ಮ ಮೂರು ವಾರ ಉಳಿದಳು. ಅದಾದ ಮೇಲೆ ಚಿಕ್ಕಮ್ಮ, ಭಾವನ ಕಡೆಯವರು, ಅಕ್ಕಪಕ್ಕದವರು, ಎಲ್ಲರೂ ಒಂದೊಂದು ಸಲ “ಮಗಳ ಕೈಯಲ್ಲೇ ಬಿದ್ರಂತೆ ಪಾಪ” ಎಂದರು. ‘ಪಾಪ’ ಎನ್ನುವುದು ಅಮ್ಮನಿಗೋ ಅಕ್ಕನಿಗೋ ತಿಳಿಯದ ಹಾಗೆ ಅಂದರು. ಇವನೂ ಒಂದು ಮಾತು ಆಡಿದ್ದ. ಚಿಕ್ಕಮ್ಮನ ಮುಂದೆ, ಅಕ್ಕ ಅಡುಗೆಮನೆಯಲ್ಲಿದ್ದಾಗ, ಕೇಳಿಸುವಷ್ಟು ದೂರದಲ್ಲಿ: “ಒಬ್ಳೇ ಎತ್ತಬಾರದಾಗಿತ್ತು.” ತಪ್ಪೇನಿಲ್ಲದ ಮಾತು. ಯಾರು ಬೇಕಾದರೂ ಆಡಬಹುದಾದ ಮಾತು.

“ಸರ್, ಇದನ್ನ ಇನ್ನೊಂದ್ಸಲ ಹಾಕ್ತೀರಾ?” ಎಂದಳು ಇಪ್ಪತ್ತೆರಡು.

ಹತ್ತೊಂಬತ್ತನೇ ತುಣುಕು. ಎದುರಾಳಿಯ ಫಾರ್ವರ್ಡ್ ನಡುವಿನಿಂದ ಚೆಂಡು ತರುತ್ತಿದ್ದಾಳೆ. ಇಪ್ಪತ್ತೆರಡು ಎಡಗಡೆಯಿಂದ, ತನ್ನ ಜಾಗ ಬಿಟ್ಟು, ಅಡ್ಡಡ್ಡ ಓಡಿ ಬಂದು, ಸ್ಟಿಕ್ಕನ್ನು ನೆಲಕ್ಕೆ ಹಾಸಿ ಬೀಳುತ್ತಾಳೆ. ಚೆಂಡು ಅವಳ ಸ್ಟಿಕ್ಕಿನ ಮೇಲೆ ಹಾರಿ ಡಿ ಒಳಗೆ ಹೋಗುತ್ತದೆ. ಕೆಂಪು ಚುಕ್ಕೆ.

“ಇಲ್ಲಿ ಎಡಗೈ ಇನ್ನೂ ಕೆಳಗೆ, ನೆಲದ ಹತ್ರ ಬರಬೇಕಿತ್ತು. ನೋಡಿ, ಹಿಡಿತಾನೇ ತಪ್ಪು. ನಂದೇ” ಎಂದು ಅವಳು ತನ್ನ ಎಡಗೈಯನ್ನು ತಾನೇ ಬೈಯುವ ಹಾಗೆ ನೋಡಿಕೊಂಡಳು.

ಅವನು ನೋಡುತ್ತಿದ್ದದ್ದು ಅವಳ ಕೈಯನ್ನಲ್ಲ. ಪರದೆಯ ನಡುವೆ, ಚೆಂಡು ಹಾದುಹೋದ ಜಾಗದಿಂದ ನಾಲ್ಕೇ ಹೆಜ್ಜೆ ಆಚೆ, ಕ್ಯಾಪ್ಟನ್ ನಿಂತಿದ್ದಳು. ಅದು ಅವಳದೇ ಜಾಗ. ಸ್ಟಿಕ್ ಎರಡೂ ಕೈಯಲ್ಲಿತ್ತು, ಮೈ ಬಾಗಿತ್ತು, ನೋಡುವವರಿಗೆ ಇನ್ನೇನು ಹೋಗುತ್ತಾಳೆ ಎನ್ನುವಂತಿತ್ತು. ಹೋಗಲಿಲ್ಲ. ಇಪ್ಪತ್ತೆರಡು ಬಿದ್ದ ಮೇಲೆ, ಕ್ಯಾಪ್ಟನ್ ಕೈ ಎತ್ತಿ, ‘ಏನಿದು’ ಎನ್ನುವಂತೆ ಅವಳ ಕಡೆ ತಿರುಗಿದಳು. ಇದೇ ತುಣುಕನ್ನು ಅವನು ಮೊದಲೂ ನೋಡಿದ್ದ. ಆಗ ಅವನ ಕಣ್ಣು ಚೆಂಡಿನ ಮೇಲಿತ್ತು, ಬೆರಳು ಕೆಂಪು ಕೀಲಿಯ ಮೇಲಿತ್ತು. ಇಪ್ಪತ್ತನೆಯದನ್ನು ಹಾಕಿದ. ಅಲ್ಲಿ ಕ್ಯಾಪ್ಟನ್ ಐದು ಹೆಜ್ಜೆ ದೂರ. ಇಪ್ಪತ್ತೊಂದರಲ್ಲಿ ಇರಲಿಲ್ಲ, ಅದು ನಿಜವಾಗಿಯೂ ಇವಳದೇ ತಪ್ಪು. ಅದರ ಮುಂದಿನ ತುಣುಕಿನಲ್ಲಿ ಮೂರು ಹೆಜ್ಜೆ. ಬೀಸೋ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು ಎಂಬ ಗಾದೆಗೆ ಕೈಕಾಲು ಬಂದು ನೀಲಿ ಟರ್ಫಿನ ಮೇಲೆ ನಿಂತ ಹಾಗಿತ್ತು. ಹೋಗದವರಿಗೆ ಸೋಲುವ ಪ್ರಶ್ನೆಯೇ ಇಲ್ಲ. ಸೋಲದವರಿಗೆ ಚುಕ್ಕೆಯಿಲ್ಲ. ಅವನ ಕೋಷ್ಟಕದಲ್ಲಿ ಅಂಥವರ ಬೆಲೆ ಎಪ್ಪತ್ನಾಲ್ಕು.

“ಯಾಕೆ ನಿನ್ನ ಜಾಗ ಬಿಟ್ಟು ಇಲ್ಲಿಗೆ ಬರ್ತೀಯ?” ಎಂದು ಕೇಳಿದ. ಅವನ ದನಿ ಬೈದ ಹಾಗೆ ಬಂತು.

“ಇನ್ಯಾರು ಹೋಗ್ತಾರೆ ಸರ್?” ಎಂದಳು ಅವಳು. ಅದರಲ್ಲಿ ದೂರೇನೂ ಇರಲಿಲ್ಲ. ಬಾಗಿಲ ಹತ್ತಿರ ಇರುವವರು ಬಾಗಿಲು ತೆಗೆಯಬೇಕಲ್ಲ ಎನ್ನುವ ಹಾಗೆ ಹೇಳಿದಳು. ಐವತ್ಮೂರೂ ಮುಗಿದ ಮೇಲೆ ಎದ್ದು, ಕುರ್ಚಿಯನ್ನು ಮೊದಲಿದ್ದ ಜಾಗಕ್ಕೇ ಸರಿಸಿ, “ಥ್ಯಾಂಕ್ಸ್ ಸರ್. ಈಗ ಅಪ್ಪಂಗೆ ಹೇಳಬಹುದು” ಎಂದು ಬೂಟು ಎತ್ತಿಕೊಂಡು ಹೋದಳು. ನೆಲದ ಮೇಲೆ ಒದ್ದೆ ಕಾಲುಚೀಲದ ಗುರುತು ಬಾಗಿಲವರೆಗೂ ಇತ್ತು. ಒಣಗುವವರೆಗೆ ಅವನು ಅದನ್ನೇ ನೋಡುತ್ತ ಕೂತ.

ಊಟಕ್ಕೆ ಇಳಿಯಲಿಲ್ಲ. ಬಾಗಿಲು ಹಾಕಿಕೊಂಡು ಮೊದಲಿನಿಂದ ನೋಡಿದ. ಈ ಕೆಲಸಕ್ಕೆ ಕೀಲಿಯಿರಲಿಲ್ಲವಾದ್ದರಿಂದ ಒಂದು ಹಾಳೆಗೆ ಗೆರೆ ಎಳೆದು, ಮೇಲೆ ‘ಹೋಗಿ ಸೋತವರು’ ಎಂದೂ ಪಕ್ಕದಲ್ಲಿ ‘ಹತ್ತಿರವಿದ್ದೂ ಹೋಗದವರು’ ಎಂದೂ ಬರೆದ. ಎರಡನೆಯದನ್ನು ಬರೆಯುವಾಗ ಕೈಬರಹ ತನ್ನದಲ್ಲವೇನೋ ಎನ್ನುವ ಹಾಗೆ ಸೊಟ್ಟಗಾಯಿತು. ಐವತ್ಮೂರರಲ್ಲಿ ಮೂವತ್ತೊಂದು ಕ್ಯಾಪ್ಟನ್ನಿನ ಜಾಗದಲ್ಲಿ ಆದದ್ದು. ಅವಳು ಆ ಮೂವತ್ತೊಂದರಲ್ಲೂ ಐದು ಹೆಜ್ಜೆಯೊಳಗೆ ಇದ್ದಳು. ಹೊಸದಾಗಿ ಹಂಚಿ ಲೆಕ್ಕ ಹಾಕಿದರೆ ಇಪ್ಪತ್ತೆರಡಕ್ಕೆ ಅರವತ್ಮೂರು ಬಂತು, ಕ್ಯಾಪ್ಟನ್ನಿಗೆ ಐವತ್ತೆರಡು. ಎರಡು ಸಲ ಕೂಡಿದ. ತಪ್ಪಾಗಿರಲಿ ಎಂದು ಆಸೆಪಟ್ಟು ಕೂಡಿದ್ದು ಅವನ ಜೀವಮಾನದಲ್ಲಿ ಇದೇ ಮೊದಲು. ಇದು ಸರಿ ಎಂದಾದರೆ ಮೂರು ವರ್ಷದ್ದೆಲ್ಲ ಸರಿಯಿಲ್ಲ. ಆಗ ‘ಬೇಡ’ ಎನ್ನಿಸಿಕೊಂಡವರ ಪೈಕಿ ಒಬ್ಬಳು ಉದ್ದನೆಯ ಹುಡುಗಿ, ಡಿಫೆಂಡರ್, ಒಂದು ಋತುವಿಗೆ ಅರವತ್ತು ಚುಕ್ಕೆ. ಆ ವರ್ಷದ ವಿಡಿಯೊಗಳನ್ನು ಜಾಗ ಸಾಲದೆಂದು ಅಳಿಸಿ ಆಗಿತ್ತು. ಹಾಗಾಗಿ ಅರವತ್ತರಲ್ಲಿ ಎಷ್ಟು ಅವಳದು ಎಂದು ಇನ್ನು ದೇವರೇ ಬಂದರೂ ಹೇಳುವಂತಿರಲಿಲ್ಲ. ಅವಳು ಸಿಕ್ಕಿದ್ದು ಹೋದ ತಿಂಗಳು, ಬೂಟಿನ ಅಂಗಡಿಯಲ್ಲಿ. ಇವನು ಬೆಂಚಿನ ಮೇಲೆ ಕೂತು ಕಾಲು ಚಾಚಿದ್ದ. ಅಂಗಡಿಯ ನೀಲಿ ಕೋಟು ತೊಟ್ಟು, ಮೊಣಕಾಲೂರಿ, ಅಳತೆಯ ಪಟ್ಟಿಯನ್ನು ಪಾದದ ಕೆಳಗೆ ತಳ್ಳಿದವಳು ತಲೆ ಎತ್ತಿದರೆ ಅವಳೇ. ಗುರುತು ಸಿಕ್ಕರೂ ಇಬ್ಬರೂ ಹೇಳಲಿಲ್ಲ. ಅವನ ಕಾಲುಚೀಲದ ಹೆಬ್ಬೆರಳಿನ ಬಳಿ ತೂತಿತ್ತು. “ನಿಮ್ಮ ಎಡಗಾಲು ಸ್ವಲ್ಪ ದೊಡ್ಡದಿದೆ ಸರ್. ಒಂದು ಸೈಜು ದೊಡ್ಡದು ತಗೊಳ್ಳಿ, ಇದು ಕಚ್ಚುತ್ತೆ” ಎಂದಿದ್ದಳು. “ಇಲ್ಲ, ಇದೇ ಸರಿಯಾಗಿದೆ” ಎಂದು ಎದ್ದು ಬಂದಿದ್ದ. ಅಳೆದವಳ ಮಾತು ಕೇಳುವಷ್ಟೂ ವ್ಯವಧಾನವಿಲ್ಲದೆ ಓಡಿ ಬಂದದ್ದಕ್ಕೆ ಈಗ ದಿನಾ ಮೆಟ್ಟಿಲು ಹತ್ತಿ ಅನುಭವಿಸುತ್ತಿದ್ದ. ಮಾಡಿದ್ದುಣ್ಣೋ ಮಹರಾಯ ಎಂದರೆ ಇದೇ ಇರಬೇಕು.

ಚಿಕ್ಕವರಿದ್ದಾಗ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದದ್ದು ಅಕ್ಕ. ಕೈಜಾರಿ ಲೋಟ ಒಡೆಯುತ್ತಿದ್ದದ್ದೂ ಅವಳೇ. ಒಂದು ವರ್ಷ ಅವನು ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಯಾರಿಂದ ಎಷ್ಟು ಒಡೆಯಿತು ಎಂದು ಗೀಟು ಹಾಕುತ್ತ ಹೋಗಿದ್ದ. ಅಕ್ಕನ ಹೆಸರಿನ ಮುಂದೆ ಏಳು, ಅಮ್ಮನದು ಎರಡು, ತನ್ನದು ಸೊನ್ನೆ. ಸಂಭ್ರಮದಿಂದ ಅಮ್ಮನಿಗೆ ತೋರಿಸಿದಾಗ ಅವಳು ಅದನ್ನು ನೋಡಿ, ನಕ್ಕು, “ನಡೆಯೋರು ಎಡವದೆ ಕೂತೋರು ಎಡವ್ತಾರೇನೋ?” ಎಂದಿದ್ದಳು. ಆ ಮಾತು ಅವನಿಗೆ ಆಗ ಹೊಗಳಿಕೆಯ ಹಾಗೆ ಕೇಳಿಸಿತ್ತು. ಅದೇ ಅಮ್ಮ ಕೊನೆಯ ಎಂಟು ತಿಂಗಳು ಎದ್ದು ನಡೆಯದಾಗಿದ್ದಳು. ಭಾನುವಾರ ಭಾನುವಾರ ಅವಳಿಗೆ ತಲೆಗೆ ಸ್ನಾನ. ಮಂಚದಿಂದ ಬಚ್ಚಲಿಗೆ ಎತ್ತಿಕೊಂಡು ಹೋಗಲು ಇಬ್ಬರು ಬೇಕು. ಭಾವನಿಗೆ ಬೆನ್ನುನೋವು, ಬಗ್ಗುವ ಹಾಗಿಲ್ಲ. ಹಾಗಾಗಿ ಅಕ್ಕ ಕಾಲಿನ ಕಡೆ, ಇವನು ಭುಜದ ಕಡೆ. ಪಂದ್ಯವಿದ್ದ ಭಾನುವಾರ ಬಿಟ್ಟು ಉಳಿದೆಲ್ಲ ಭಾನುವಾರವೂ ಹೋಗಿದ್ದ. ಅಮ್ಮ ಹಗುರವಾಗುತ್ತಿದ್ದಳು, ಎತ್ತುವುದು ಮಾತ್ರ ವಾರದಿಂದ ವಾರಕ್ಕೆ ಭಾರವಾಗುತ್ತಿತ್ತು. ಎತ್ತುವಾಗ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಮಗನ ತೋಳಿನಲ್ಲಿ ಹಾಗೆ ಹೋಗುವುದಕ್ಕೆ ಅವಳಿಗೆ ನಾಚಿಕೆ, ಅವಳ ನಾಚಿಕೆ ಕಂಡು ಇವನಿಗೆ ನಾಚಿಕೆ. ಕೊನೆಯ ಸಲ ಎತ್ತಿದಾಗ ಅವಳು ಕಣ್ಣು ಮುಚ್ಚಿಕೊಂಡೇ “ನಿಂಗೆ ಕಷ್ಟ ಆಗ್ತಿದೆ ಅಲ್ವೇನೋ” ಎಂದಿದ್ದಳು.

ಮುಂದಿನ ಭಾನುವಾರ ಅವನು ಅಕ್ಕನಿಗೆ ಫೋನು ಮಾಡಿ, ಮ್ಯಾಚ್ ಇದೆ, ಬರಕ್ಕಾಗಲ್ಲ ಎಂದ. ಅವನ ಫೈಲುಗಳೆಲ್ಲ ತಾರೀಖಿನ ಪ್ರಕಾರ ಇರುತ್ತಿದ್ದವು. ಹುಡುಕಬೇಕಾದ ಅಗತ್ಯವೇನೂ ಇರಲಿಲ್ಲ, ಆದರೂ ಈಗ ಆ ತಿಂಗಳನ್ನು ತೆರೆದು ಬೆರಳಿಟ್ಟು ನೋಡಿದ. ಆ ಶನಿವಾರದ ಫೈಲು ಇತ್ತು. ಬುಧವಾರದ್ದು ಇತ್ತು. ಭಾನುವಾರದ್ದು ಇರಲಿಲ್ಲ. ಭಾನುವಾರ ಪಂದ್ಯವೇ ಇರಲಿಲ್ಲ. ಫೋನು ಆರಿಸಿ, ಪರದೆ ಎಳೆದು, ಮಧ್ಯಾಹ್ನದವರೆಗೆ ಹಾಸಿಗೆಯಲ್ಲಿ ಬಿದ್ದುಕೊಂಡಿದ್ದ. ನಿದ್ದೆಯೂ ಬಂದಿತ್ತು, ಚೆನ್ನಾಗಿಯೇ ಬಂದಿತ್ತು. ಮೂರು ಗಂಟೆಗೆ ಫೋನು ಮತ್ತೆ ಆನ್ ಮಾಡಿದರೆ ಭಾವನ ಮೆಸೇಜು. ಆಸ್ಪತ್ರೆಯ ಬಾಗಿಲಲ್ಲಿ ಏದುಸಿರು ಬಂದದ್ದು ಓಡಿದ್ದರಿಂದ ಹೌದು. ಆದರೆ ಎಲ್ಲಿಂದ ಓಡಿ ಬಂದೆ ಎಂದು ಯಾರೂ ಕೇಳಲಿಲ್ಲ. ಅಕ್ಕ ಒಬ್ಬಳೇ ಎತ್ತಲು ಹೋಗಿ ಬಚ್ಚಲ ಹೊಸ್ತಿಲಲ್ಲಿ ಜಾರಿದ್ದಳು. ಚುಕ್ಕೆ ಅವಳ ಹೆಸರಿಗೆ ಬಿತ್ತು. ಆ ಲೆಕ್ಕವನ್ನು ಅವನು ಹಾಕಿದ್ದಲ್ಲ, ಊರಿನವರು ಹಾಕಿದ್ದು, ಆದರೆ ನಿಯಮ ಅವನದೇ. ಅವನು ಹಾಳೆ ಮಡಿಸಿ, ಮೇಜಿಗೆ ತಲೆ ಕೊಟ್ಟು, ಸ್ವಲ್ಪ ಹೊತ್ತು ಅತ್ತ. ಅತ್ತದ್ದರಲ್ಲಿ ವಿಶೇಷವೇನೂ ಇರಲಿಲ್ಲ. ಕೆಳಗೆ ಟರ್ಫಿಗೆ ನೀರು ಬಿಡುವ ಪಂಪಿನ ಸದ್ದು ಜೋರಾಗಿದ್ದದ್ದರಿಂದ ಯಾರಿಗೂ ಕೇಳಿಸಲೂ ಇಲ್ಲ.

ನಾಲ್ಕು ಗಂಟೆಗೆ ಮ್ಯಾನೇಜರರ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಮೇಜಿನ ಮೇಲೆ ಎರಡು ಫೈಲು: ಮೇಲಿನದು ಅವನೇ ತಂದಿಟ್ಟ ಇಪ್ಪತ್ತೆರಡರದು, ಕೆಳಗಿನದರ ಬೆನ್ನಿಗೆ ಅವನ ಹೆಸರಿತ್ತು. ಮ್ಯಾನೇಜರ್ ಒಳ್ಳೆಯವರೇ. ಹೊತ್ತಿಗೆ ಸರಿಯಾಗಿ ಚಹಾ ತರಿಸುವವರು, ಯಾರ ಮನೆಯಲ್ಲಿ ಸಾವಾದರೂ ಹೋಗುವವರು. ಇವನ ಅಮ್ಮ ಹೋದಾಗಲೂ ಬಂದು ಹದಿನೈದು ನಿಮಿಷ ಕೂತಿದ್ದರು.

“ಇಪ್ಪತ್ತೆರಡಕ್ಕೆ ನಲವತ್ತೊಂದು ಅಂತ ಮೊನ್ನೆ ಫೋನಲ್ಲಿ ಹೇಳಿದ್ರಿ. ಹಾಗಾದ್ರೆ ಬೇಡ ತಾನೇ?”

“ಅರವತ್ಮೂರು ಸರ್.”

ಮ್ಯಾನೇಜರ್ ಚಹಾದ ಲೋಟ ಕೆಳಗಿಟ್ಟರು. “ಎರಡು ದಿನದಲ್ಲಿ ಬೆಳೆದುಬಿಟ್ಲಾ ಹುಡುಗಿ?”

ಅವನು ಹಾಳೆ ಬಿಡಿಸಿ ಮುಂದಿಟ್ಟು ಹೇಳತೊಡಗಿದ. ಮಧ್ಯಾಹ್ನದಿಂದ ಮನಸ್ಸಿನಲ್ಲಿ ಹೇಳಿಕೊಂಡಿದ್ದದ್ದು ಬೇರೆ, ಬಾಯಿಗೆ ಬಂದದ್ದು ಬೇರೆ. ಆದರೂ ವಿಷಯ ಹೇಗೋ ತಲುಪಿತು. ಹೋಗಿ ಸೋತವರಿಗೆ ಮಾತ್ರ ಚುಕ್ಕೆ ಹಾಕುತ್ತ ಬಂದಿದ್ದೇವೆ, ಹತ್ತಿರವಿದ್ದೂ ಹೋಗದವರಿಗೆ ಏನೂ ಇಲ್ಲ, ಈ ಹಾಳೆಯಲ್ಲಿರುವುದು ಅಂಥವರನ್ನೂ ಸೇರಿಸಿದ ಲೆಕ್ಕ. ಮ್ಯಾನೇಜರ್ ಹಾಳೆಯ ಮೇಲೆ ಬೆರಳು ಓಡಿಸಿ ಕ್ಯಾಪ್ಟನ್ನಿನ ಸಾಲಿಗೆ ಬಂದು ನಿಂತರು.

“ಐವತ್ತೆರಡು ಅಂತ ಬರ್ದಿದ್ದೀರಲ್ರೀ. ನಿಮ್ಮ ಎಪ್ಪತ್ನಾಲ್ಕು ನೋಡಿ ಹೋದ ವಾರ ತಾನೇ ಮೂರು ವರ್ಷಕ್ಕೆ ಸೈನ್ ಹಾಕ್ಸಿದೀನಿ ಅವಳ ಕೈಲಿ. ಫೋಟೋ ಬೇರೆ ತೆಗೆಸಿದ್ದಾಯ್ತು.”

“ಗೊತ್ತು ಸರ್.”

“ಮೂರು ವರ್ಷದ ಲೆಕ್ಕ ಎಲ್ಲ ತಪ್ಪು ಅಂತೀರಾ?”

“ಎಲ್ಲ ಅಲ್ಲ. ಕೆಂಪು ಚುಕ್ಕೆಯವೆಲ್ಲ. ಆ ಉದ್ದನೆ ಹುಡುಗಿ ಇದ್ಲಲ್ಲ, ಅವಳದೂ ತಪ್ಪಿರಬಹುದು. ಈಗ ನೋಡೋಕೆ ವಿಡಿಯೊ ಇಲ್ಲ.”

“ಅವಳು ಈಗೆಲ್ಲಿದ್ದಾಳೆ?”

“ಬೂಟಿನ ಅಂಗಡೀಲಿ.”

“ಹಾಗಾದ್ರೆ ಕೆಲಸ ಇದೆಯಲ್ಲ” ಎಂದರು ಮ್ಯಾನೇಜರ್, ನಿಜವಾಗಿಯೂ ಸಮಾಧಾನವಾದವರಂತೆ. ಆಮೇಲೆ ಕುರ್ಚಿ ಹಿಂದಕ್ಕೆ ಒರಗಿಸಿ ಅವನನ್ನೇ ನೋಡಿದರು. ಅವರ ಮುಖದಲ್ಲಿ ಕೋಪಕ್ಕಿಂತ ಹೆಚ್ಚಾಗಿ ಅವನಿಗೊಂದು ದಾರಿ ಬಿಟ್ಟುಕೊಡುವ ಮರುಕವಿತ್ತು. “ನೋಡಿ ಇವ್ರೇ, ಕಮಿಟಿಯವರು ನನ್ನ ಕೇಳೇ ಕೇಳ್ತಾರೆ. ಈ ನಿಯಮ ಯಾರದು? ಆ ಸಾಫ್ಟ್‌ವೇರ್ ಮಾರಿದ್ರಲ್ಲ, ಅವರು ಹಾಕಿಕೊಟ್ಟಿದ್ದಾ? ಹೌದು ಅಂದ್ರೆ ಅವರಿಗೊಂದು ಕಾಗದ ಬರ್ದು ಕೈತೊಳ್ಕೊಳ್ಳೋಣ.”

ಫ್ಯಾನಿನ ಗಾಳಿಗೆ ಅವನ ಹೆಸರಿನ ಫೈಲಿನ ಮೂಲೆ ಏಳುತ್ತ ಬೀಳುತ್ತ ಇತ್ತು. ಹೌದು ಎಂದರೆ ಸಾಕಿತ್ತು. ಆ ಕಂಪನಿಯವರಿಗೆ ಇದರಿಂದ ಕೂದಲೂ ಕೊಂಕುತ್ತಿರಲಿಲ್ಲ. ಅವನು ನಾಲ್ಕು ಹೆಜ್ಜೆ ದೂರದಲ್ಲಿ, ಮೈ ಬಗ್ಗಿಸಿ, ಇನ್ನೇನು ಹೋಗುತ್ತಾನೆ ಎನ್ನುವ ಹಾಗೆ ನಿಂತಿದ್ದ. ಕಿರುಬೆರಳು ಉರಿಯಿತು.

“ನಾನೇ” ಎಂದ.

“ಏನು?”

“ನಿಯಮ ಮಾಡಿದ್ದು ನಾನೇ ಸರ್. ಒಬ್ಬನೇ.”

ಅಷ್ಟು ಸಣ್ಣ ಮಾತು ಹೊರಗೆ ಬರಲು ಇಷ್ಟು ವರ್ಷ ಯಾಕೆ ಬೇಕಾಯಿತು ಎಂದು ಅವನಿಗೇ ತಿಳಿಯಲಿಲ್ಲ. ಮ್ಯಾನೇಜರ್ ಪೆನ್ನು ತೆಗೆದು, ಪೆನ್ಸಿಲಿನ ‘ಬೇಡ’ವನ್ನು ಹೊಡೆದು, ಅದರ ಮೇಲೆ ‘ಎರಡನೇ ದರ್ಜೆ, ಒಂದು ವರ್ಷ’ ಎಂದು ಬರೆದರು. ಅರವತ್ಮೂರಕ್ಕೆ ಎರಡು ವರ್ಷ ಕೊಡುವುದು ರೂಢಿ. ಅವನು ಅದನ್ನು ನೆನಪಿಸಿದ. ಅವರು ಒಂದನ್ನು ಎರಡು ಮಾಡಿದರು, ಮಾಡುವಾಗ ಪೆನ್ನು ಒತ್ತಿ ಕಾಗದ ಸ್ವಲ್ಪ ಹರಿಯಿತು. ಕ್ಯಾಪ್ಟನ್ನಿನ ಸಾಲನ್ನು ಮುಟ್ಟಲಿಲ್ಲ. ಆಮೇಲೆ ಕೆಳಗಿನ ಫೈಲನ್ನು ತೆರೆಯದೆಯೇ ಎತ್ತಿ ಡ್ರಾಯರಿನೊಳಗೆ ಹಾಕಿ, “ನಿಮ್ದು ಮುಂದಿನ ವಾರ ನೋಡೋಣ. ಕಮಿಟಿಯವರ ಹತ್ರ ಮಾತಾಡಿ” ಎಂದರು. ಮುಂದಿನ ವಾರ ಎಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಅವನು ಸರಿ ಎಂದು ಎದ್ದ.

ಇಪ್ಪತ್ತೆರಡು ಆಚೆ ಬೇಲಿಯ ಹತ್ತಿರ ಒಬ್ಬಳೇ ಗೋಡೆಗೆ ಚೆಂಡು ಹೊಡೆಯುತ್ತಿದ್ದಳು, ಎಡಗೈ ಕೆಳಗಿಟ್ಟು, ಮತ್ತೆ ಮತ್ತೆ. ಹೋಗಿ ಹೇಳಬೇಕೆನಿಸಿತು; ಅದು ಮ್ಯಾನೇಜರ್ ಹೇಳಬೇಕಾದದ್ದು, ತಾನು ಹೇಳಿದರೆ ಉಪಕಾರ ಮಾಡಿದವನ ಹಾಗಾಗುತ್ತದೆ ಎನಿಸಿ ಬಿಟ್ಟ. ಗ್ಯಾಲರಿಯ ಕೆಳಗಿನ ಮೆಟ್ಟಿಲ ಮೇಲೆ ಕೂತು, ಎಡಗಾಲಿನ ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ಅಕ್ಕನಿಗೆ ಫೋನು ಮಾಡಿದ. ಎರಡನೇ ರಿಂಗಿಗೇ ಎತ್ತಿದಳು.

“ಏನೋ, ಬೆಳಿಗ್ಗೆ ಮಾಡಿದ್ರೆ ಎತ್ತಲ್ಲ. ಊಟ ಆಯ್ತಾ?”

“ಅಕ್ಕಾ, ಅವತ್ತು ಭಾನುವಾರ…” ಎಂದು ನಿಲ್ಲಿಸಿದ. ಯಾವ ಭಾನುವಾರ ಎಂದು ಅವಳು ಕೇಳುತ್ತಾಳೆಂದು ಕಾದ. ಕೇಳಲಿಲ್ಲ. “ಅವತ್ತು ಮ್ಯಾಚ್ ಇರ್ಲಿಲ್ಲ ಅಕ್ಕ. ನಾನು ಮನೇಲೇ ಇದ್ದೆ. ಮಲಗಿದ್ದೆ.”

ಆ ಕಡೆ ಕುಕ್ಕರೋ ಏನೋ ಕೂಗಿತು. ಅವಳು ಹೋಗಿ ಒಲೆ ಆರಿಸಿ ಬಂದದ್ದು ಕೇಳಿಸಿತು.

“ಗೊತ್ತು ಕಣೋ” ಎಂದಳು.

“ಗೊತ್ತಾ?”

“ನಿನ್ನ ಫೋನು ಹತ್ಲಿಲ್ಲ ಅಂತ ಅಮ್ಮನ್ನ ಗಾಡೀಲಿ ಮಲಗಿಸ್ಕೊಂಡು ನಿಮ್ಮ ಗ್ರೌಂಡಿಗೇ ಫೋನ್ ಮಾಡಿದ್ದೆ. ನಿಮ್ಮ ವಾಚ್‌ಮನ್ ಎತ್ತಿ, ಇವತ್ತು ಮ್ಯಾಚೂ ಇಲ್ಲ ಎಂಥದೂ ಇಲ್ಲ ತಾಯಿ, ಗೇಟಿಗೇ ಬೀಗ ಹಾಕಿದೆ ಅಂದ.”

ಅಂದರೆ ಆ ಹಸಿರು ಹಜಾರಕ್ಕೆ ಬರುವ ಮೊದಲೇ. ಡಾಕ್ಟರು ಕನ್ನಡಕ ಏರಿಸಿಕೊಳ್ಳುವ ಮೊದಲೇ, ಇವನು ಏದುಸಿರು ಬಿಡುತ್ತ ಬಂದು ಹಿಂದೆ ನಿಲ್ಲುವ ಮೊದಲೇ. ಚಿಕ್ಕಮ್ಮನ ಮುಂದೆ ಅವನು ಆ ಮಾತು ಆಡಿದಾಗ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಒಂದು ಗಳಿಗೆ ನಿಂತಿತ್ತು. ಅದೂ ಈಗ ನೆನಪಾಯಿತು.

“ಮತ್ತೆ ಡಾಕ್ಟರು ಕೇಳಿದಾಗ ಯಾಕೆ ಹೇಳ್ಲಿಲ್ಲ?”

“ಏನಂತ ಹೇಳ್ಲೋ? ಅವರು ಎತ್ತಿದ್ದು ಯಾರು ಅಂತ ಕೇಳಿದ್ರು. ಎತ್ತಿದ್ದು ನಾನೇ ತಾನೆ. ಬರದೇ ಇದ್ದಿದ್ದು ಯಾರು ಅಂತ ಯಾರೂ ಕೇಳ್ಲಿಲ್ಲ.”

ಬೇಲಿಯ ಕಡೆಯಿಂದ ಗೋಡೆಗೆ ಚೆಂಡು ಬಡಿಯುವ ಸದ್ದು ಬರುತ್ತಿತ್ತು. ಇವತ್ತು ಅವನು ಅದನ್ನು ಎಣಿಸಲಿಲ್ಲ.

“ಇದ್ದೀಯೇನೋ?” ಎಂದಳು ಅಕ್ಕ. “ಸರಿ, ಮಂಚಕ್ಕೆ ಯಾವಾಗ ಬರ್ತೀಯ ಹೇಳು. ಕಬ್ಬಿಣದ್ದು, ಇನ್ನೊಂದು ತುದಿ ಹಿಡಿಯೋಕೆ ಒಬ್ಬರು ಬೇಕು.”